ಸುಟ್ಟ ಮೋಟಾರ್ ಹೊತ್ತು ದಾವಣಗೆರೆಗೆ ಹೋಗೋರಿಗೆ

ನಮ್ಮದು ಚನ್ನಗಿರಿ ಕಡೆ ಮೂರೆಕರೆ ಅಡಿಕೆ ತೋಟ, ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್. ಎರಡು ವರ್ಷದಲ್ಲಿ ಮೂರು ಸಲ ಸುಟ್ಟಿತು. ಮೊದಲೆರಡು ಸಲ ಹತ್ತಿರದಲ್ಲೇ ಹೊಸ ತಂತಿ ಸುತ್ತಿಸಿದೆ. ಸುತ್ತಿದ ಇಬ್ಬರೂ "ವೋಲ್ಟೇಜ್ ಸರಿ ಇಲ್ಲ" ಅಂದು ದುಡ್ಡು ಎಣಿಸಿಕೊಂಡರು. ಮೂರನೇ ಸಲ ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಕಡೆಯ ಒಂದು ಸಣ್ಣ ರಿವೈಂಡಿಂಗ್ ಅಂಗಡಿಗೆ ಹಾಕಿಕೊಂಡು ಹೋದೆ.

ಮೇಸ್ತ್ರಿ ಮೋಟಾರ್ ಬಿಚ್ಚಿದವರೇ ನನ್ನನ್ನು ಕರೆದು ಸ್ಟೇಟರ್ (ತಂತಿ ಸುತ್ತಿರುವ ಹೊರಭಾಗ) ಬಾಯಿಗೆ ಟಾರ್ಚ್ ಬಿಟ್ಟರು. ಒಂದು ಫೇಸಿನ ಕಾಯಿಲ್ ಸುತ್ತಿದಾಗಿನ ಬಣ್ಣದಲ್ಲೇ ಇದೆ, ತಂತಿಯ ಪ್ಲಾಸ್ಟಿಕ್ ಕೂಡ ಕರಗಿಲ್ಲ. ಉಳಿದೆರಡು ಕರಕಲು. "ನೋಡ್ರಿ ಗೌಡ್ರೇ, ವೋಲ್ಟೇಜ್ ಕಮ್ಮಿಯಾಗಿ ಸುಟ್ಟಿದ್ರೆ ಮೂರೂ ಒಂದೇ ಸಮ ಕಪ್ಪಾಗ್ತಿದ್ವು. ಇದು ಎರಡೇ ಫೇಸಲ್ಲಿ ಓಡಿರೋ ಮೋಟಾರು."

ಆಗ ಲೆಕ್ಕ ಹತ್ತಿತು. ನಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) 63 ಕೆವಿಎದು, ಅದರ ಮೇಲೆ ಹದಿನಾಲ್ಕು ಮೋಟಾರ್. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎಳೆಯುತ್ತವೆ, ಟಿಸಿ ಬುಡದ ಪೆಟ್ಟಿಗೆಯಲ್ಲಿ ಒಂದು ಫ್ಯೂಸ್ ಹಾರುತ್ತದೆ. ಆ ಗಳಿಗೆಯಲ್ಲಿ ಓಡುತ್ತಿರುವ ಮೋಟಾರ್ ನಿಲ್ಲೋದಿಲ್ಲ, ಉಳಿದೆರಡು ಫೇಸಲ್ಲಿ ಸುಮಾರು 1.7 ಪಟ್ಟು ಕರೆಂಟು ಎಳೆದುಕೊಂಡು ಬೇಯುತ್ತಾ ಓಡುತ್ತದೆ. ಅದಕ್ಕೇ ಇರೋದು ಸಿಂಗಲ್ ಫೇಸ್ ಪ್ರಿವೆಂಟರ್, ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸೋದು. ನಮ್ಮ ಸ್ಟಾರ್ಟರ್ ಡಬ್ಬಿಯಲ್ಲೂ ಇತ್ತು. ಪದೇಪದೇ ಮೋಟಾರ್ ನಿಲ್ಲಿಸುತ್ತೆ ಅಂತ ಅದನ್ನು ಬಿಟ್ಟು ನೇರ ವೈರ್ ಕೊಟ್ಟವನು ನಾನೇ. ಕರೆಂಟು ಮಿತಿ ಮೀರಿದರೆ ಮೋಟಾರ್ ನಿಲ್ಲಿಸೋ ರಿಲೇಯ ತಿರುಪನ್ನೂ ಕೊನೆವರೆಗೆ ತಿರುಗಿಸಿಟ್ಟಿದ್ದೆ. (ಫ್ಯೂಸಿಗೆ ದಪ್ಪ ತಂತಿ ಕಟ್ಟೋದು ಮಾತ್ರ ನಾನಲ್ಲ, ಪಕ್ಕದ ತೋಟದವರು. ಅದರಿಂದ ಟಿಸಿಯೇ ಹೋಗುತ್ತೆ ಅಂದ್ರೆ ಕೇಳೋರು ಯಾರು.)

ತಾಮ್ರ, ಬುಷ್, ಕೂಲಿ ಎಲ್ಲ ಸೇರಿ 7,400 ಆಯಿತು. ಕಿತ್ತ ಹಳೇ ತಾಮ್ರವನ್ನು ನನ್ನೆದುರೇ ತಕ್ಕಡಿಗೆ ಹಾಕಿ ಬಿಲ್ಲಿನಲ್ಲಿ ಕಳೆದರು. ಮೊದಲ ಇಬ್ಬರೂ ಆ ಸುದ್ದಿಯನ್ನೇ ಎತ್ತಿರಲಿಲ್ಲ. ಹೊಸ ಪ್ರಿವೆಂಟರ್ ಬೇರೆ ಹಾಕಿಸಿದೆ. ಹದಿನಾಲ್ಕು ತಿಂಗಳಾಯಿತು, ಮೋಟಾರ್ ಮೇಲೆತ್ತಿಲ್ಲ.

ಬೇಸರ ಇರೋದು ಟೈಮಿನ ವಿಷಯದಲ್ಲಿ. ನಾಳೆ ಅಂದರೆ ನಾಲ್ಕು ದಿನ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಫೋನ್ ಎತ್ತೋದಿಲ್ಲ. ಕೂರಲು ಒಂದು ಸ್ಟೂಲು, ಅದರ ಮೇಲೂ ಯಾರದೋ ಪಂಪಿನ ಇಂಪೆಲ್ಲರ್. ಮಂಡಕ್ಕಿ ಮಿರ್ಚಿ ತಿಂದುಕೊಂಡು ಹೊರಗೇ ನಿಲ್ಲಬೇಕು.

ಹೋಗುವಾಗ ಮೋಟಾರ್ ಜೊತೆ ಸ್ಟಾರ್ಟರ್ ಡಬ್ಬಿಯನ್ನೂ ಬಿಚ್ಚಿಕೊಂಡು ಹೋಗಿ. ಮೊದಲು ಕೇಳೋದೇ ಅದನ್ನ.