ಬೆಟ್ಟದ ಕಚ್ಚಾ ದಾರಿಗೆ ಜೀಪಾ, ಕ್ರಾಸ್‌ಓವರಾ? ಹಿಂದಿನ ಸೀಟಿನಲ್ಲಿ ಮಗಳಿದ್ದಾಗ ಕಂಡ ಉತ್ತರ

ಬೆಟ್ಟಕ್ಕೆ ಯಾವ ಗಾಡಿ ಒಳ್ಳೆಯದು ಅಂತ ಕೇಳಿ ನೋಡಿ. ಕೂಡಲೇ ಯಾರಾದರೂ ಕಲ್ಲು ಹತ್ತುವ ವಿಡಿಯೊ ತೋರಿಸುತ್ತಾರೆ. ಒಂದು ಚಕ್ರ ಗಾಳಿಯಲ್ಲಿ, ಬಂಪರ್ ಆಕಾಶಕ್ಕೆ. ಆ ವಿಡಿಯೊಗಳಲ್ಲಿ ಹಿಂದಿನ ಸೀಟು ಯಾವಾಗಲೂ ಖಾಲಿ. ನನ್ನ ಗಾಡಿಯಲ್ಲಿ ಅಲ್ಲಿ ಒಂಬತ್ತು ವರ್ಷದ ಮಗಳು ಕೂತಿರುತ್ತಾಳೆ. ಅವಳಿಗೆ ವಾಂತಿ ಬಂದರೆ ಆ ದಿನದ ಪ್ರಯಾಣ ಅಲ್ಲಿಗೇ ಮುಗಿಯಿತು. ಅವಳು ಹೆದರಿದರೆ ಮುಂದಿನ ಪ್ರಯಾಣವೂ ಅಷ್ಟೇ. ಹಾಗಾಗಿ ನಾನು ಎರಡೂ ಗಾಡಿಗಳಿಗೆ ಅಂಕ ಹಾಕಿದ್ದು ಹಿಂದಿನ ಸೀಟು ನೋಡಿಕೊಂಡು.

ದಾರಿ ಒಂದೇ. ಮೊದಲು ಟಾರು ಹಾಕಿದ ಹಾವಿನ ತಿರುವುಗಳ ಏರು. ಆಮೇಲೆ ಜಲ್ಲಿ. ಅದಾದ ಮೇಲೆ ಕಲ್ಲುಬಂಡೆಗಳ ಹಾದಿ, ನಡುವೆ ಒಂದು ತೊರೆ. ಕೊನೆಗೆ ಬೆಟ್ಟದ ನೆತ್ತಿ ದಾಟಿ ಆಚೆಗೆ ಸಡಿಲ ಮಣ್ಣಿನ ಕಡಿದಾದ ಇಳಿಜಾರು. ಇದನ್ನು ಎರಡು ಥರದ ಗಾಡಿಗಳಲ್ಲಿ ಓಡಿಸಿದ್ದೇವೆ. ಒಂದು ಹಳೇ ಶೈಲಿಯ ಜೀಪ್: ಏಣಿಯಂಥ ಉಕ್ಕಿನ ಚೌಕಟ್ಟು (ಲ್ಯಾಡರ್ ಫ್ರೇಮ್), ಹಿಂದೆ ಮುಂದೆ ಎರಡು ಚಕ್ರಗಳನ್ನೂ ಒಂದೇ ತೊಲೆಯಿಂದ ಜೋಡಿಸಿದ ಗಟ್ಟಿ ಆಕ್ಸಲ್, ಬೇಕಾದಾಗ ಹಾಕುವ ಫೋರ್ ವೀಲ್ ಡ್ರೈವ್, ಜೊತೆಗೆ ಗಾಡಿಯನ್ನು ತೀರಾ ನಿಧಾನವಾಗಿ, ಹೆಚ್ಚು ಬಲದಿಂದ ಓಡಿಸುವ ಲೋ ರೇಂಜ್ ಗೇರ್. ಇನ್ನೊಂದು ಕ್ರಾಸ್‌ಓವರ್: ಕಾರಿನಂಥ ಬಾಡಿ, ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್, ತಾನಾಗಿಯೇ ಕೆಲಸ ಮಾಡುವ ಆಲ್ ವೀಲ್ ಡ್ರೈವ್, ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಎಂಜಿನ್, ಆಟೊಮ್ಯಾಟಿಕ್ ಗೇರ್. ಯಾವ ಕಂಪನಿ ಅನ್ನುವುದಕ್ಕಿಂತ ಯಾವ ಜಾತಿ ಅನ್ನುವುದೇ ಇಲ್ಲಿ ಮುಖ್ಯ.

ಬ್ರೋಶರ್ ನೋಡಿದರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಎಲ್ಲರೂ ಮೊದಲು ನೋಡುವುದು ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ. ಜೀಪ್ ಜಾತಿಯ ಸುಜುಕಿ ಜಿಮ್ನಿಯದು 210 ಮಿ.ಮೀ., ಕ್ರಾಸ್‌ಓವರ್ ಆದ ಸುಬಾರು ಫಾರೆಸ್ಟರ್‌ನದು 220 ಮಿ.ಮೀ. ಅಂದರೆ ಕ್ರಾಸ್‌ಓವರೇ ಎತ್ತರ! ಆದರೆ ನೋಡಬೇಕಾದ್ದು ಬಂಪರ್ ಎಷ್ಟು ಮುಂದಕ್ಕೆ ಚಾಚಿದೆ ಅನ್ನುವುದನ್ನು. ಮೂತಿ ತಾಗದೆ ಎಷ್ಟು ಕಡಿದಾದ ಏರನ್ನು ಹತ್ತಬಹುದು ಅನ್ನುವ ಕೋನಕ್ಕೆ ಅಪ್ರೋಚ್ ಆ್ಯಂಗಲ್ ಅನ್ನುತ್ತಾರೆ. ಮೂರು ಬಾಗಿಲಿನ ಜಿಮ್ನಿಯಲ್ಲಿ ಅದು 37 ಡಿಗ್ರಿ. ಸಾಮಾನ್ಯ ಕ್ರಾಸ್‌ಓವರ್‌ಗಳಲ್ಲಿ ಅದು 20ರ ಆಸುಪಾಸು. ಹೊಟ್ಟೆ ಎಷ್ಟೇ ಎತ್ತರ ಇದ್ದರೂ ಮೂತಿ ಮೊದಲು ತಾಗುತ್ತದೆ. ಇನ್ನೊಂದು ವಿಷಯ ಬ್ರೋಶರಿನಲ್ಲಿ ಬರೆಯುವುದೇ ಇಲ್ಲ. ಗಟ್ಟಿ ಆಕ್ಸಲ್‌ನಲ್ಲಿ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗುಂಡು ನೆಲದಿಂದ ಇರುವ ಎತ್ತರ ಬದಲಾಗುವುದಿಲ್ಲ. ಕ್ರಾಸ್‌ಓವರ್ ಹಳ್ಳಕ್ಕೆ ಇಳಿದು ಸ್ಪ್ರಿಂಗ್ ಕುಗ್ಗಿದಾಗ ಆ 220 ಇದ್ದಕ್ಕಿದ್ದಂತೆ ಕಮ್ಮಿಯಾಗುತ್ತದೆ.

ವಾಂತಿಯ ಲೆಕ್ಕ

ಮೆತ್ತಗಿನ ಗಾಡಿಯಲ್ಲಿ ಮಗುವಿಗೆ ಆರಾಮ, ಜೀಪಿನಲ್ಲಿ ಕುಲುಕಾಟಕ್ಕೆ ವಾಂತಿ ಗ್ಯಾರಂಟಿ ಅಂತ ಎಲ್ಲರೂ ಹೇಳುತ್ತಾರೆ. ಮಗಳ ವಿಷಯದಲ್ಲಿ ಆಗಿದ್ದು ತಿರುಗುಮುರುಗು. ಕ್ರಾಸ್‌ಓವರಿನಲ್ಲಿ ಟಾರು ರಸ್ತೆಯ ತಿರುವುಗಳು ಮುಗಿಯುವ ಮೊದಲೇ ಅವಳು ಮಾತು ನಿಲ್ಲಿಸಿದಳು. ಆಮೇಲೆ ಆಕಳಿಕೆ. ಮುಖ ಬಿಳಿಚಿಕೊಂಡಿತು. ಹಣೆಯ ಮೇಲೆ ತಣ್ಣನೆ ಬೆವರು. ಅಪ್ಪ ಅಮ್ಮಂದಿರಿಗೆ ಈ ಕ್ರಮ ಚೆನ್ನಾಗಿ ಗೊತ್ತು, ಅಲ್ವಾ? ಮುಂದಿನದಕ್ಕೆ ಕವರ್ ಹುಡುಕುವಷ್ಟೇ ಸಮಯ. ಜೀಪಿನಲ್ಲಿ ಅದೇ ತಿರುವುಗಳನ್ನು ಮಾತಾಡುತ್ತಲೇ ಹತ್ತಿದಳು. ಕಲ್ಲಿನ ಹಾದಿಯಲ್ಲಿ ಮೈ ನೋವು ಅಂತ ಗೊಣಗಿದಳು, ವಾಂತಿ ಮಾತ್ರ ಇಲ್ಲ.

ಇದಕ್ಕೆ ಕಾರಣ ಇದೆ. ಹೊಟ್ಟೆ ತೊಳಸುವುದು ಪಟಪಟ ಕುಲುಕಿಗೆ ಅಲ್ಲ, ನಿಧಾನದ ಓಲಾಟಕ್ಕೆ. ಐದು ಸೆಕೆಂಡಿಗೊಂದು ಸಲ ತೂಗುವಷ್ಟು ನಿಧಾನದ ಚಲನೆ, ಅಂದರೆ 0.2 ಹರ್ಟ್ಸ್ ಹತ್ತಿರದ್ದು, ಎಲ್ಲಕ್ಕಿಂತ ಕೆಟ್ಟದ್ದು. ಮೆತ್ತಗಿನ ಗಾಡಿ ಒಂದಾದ ಮೇಲೊಂದು ತಿರುವಿನಲ್ಲಿ ಮಾಡುವುದು ಸರಿಯಾಗಿ ಅದನ್ನೇ. ಬಂಡೆಗಳ ಮೇಲಿನ ಕುಲುಕು ಅದಕ್ಕಿಂತ ಬಹಳ ಚುರುಕು. ಅದು ಸುಸ್ತು ಮಾಡುತ್ತದೆ, ಹೊಟ್ಟೆ ತೊಳಸುವುದು ಕಡಿಮೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ಕಾಟ ದೊಡ್ಡವರಿಗಿಂತ ಜಾಸ್ತಿ.

ಕಿಟಕಿಯದೂ ಪಾಲಿದೆ. ಈಗಿನ ಕ್ರಾಸ್‌ಓವರ್‌ಗಳಲ್ಲಿ ಕಿಟಕಿಯ ಕೆಳಅಂಚು ಹಿಂದಕ್ಕೆ ಹೋದಂತೆ ಮೇಲೇರುತ್ತದೆ. ಹೊರಗಿನಿಂದ ನೋಡಲು ಚೆಂದ. ಒಳಗೆ ಕೂತ ಮಗುವಿಗೆ ಕಾಣುವುದು ಬಾಗಿಲಿನ ಪ್ಲಾಸ್ಟಿಕ್, ಮುಂದಿನ ಸೀಟಿನ ಬೆನ್ನು, ಒಂದು ತುಂಡು ಆಕಾಶ. ಕಣ್ಣು ಏನೂ ಅಲುಗುತ್ತಿಲ್ಲ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಅಲುಗುತ್ತಿದೆ ಅನ್ನುತ್ತದೆ. ಜಗಳ ಶುರು. ಜೀಪಿನ ಗಾಜು ನೆಟ್ಟಗೆ, ಚೌಕವಾಗಿ, ದೊಡ್ಡದಾಗಿ ಇರುತ್ತದೆ. ಮಗುವನ್ನು ಎತ್ತರಕ್ಕೆ ಕೂರಿಸುವ ಬೂಸ್ಟರ್ ಸೀಟಿನಲ್ಲಿ ಕೂತರೆ ಮುಂದಿನ ತಿರುವೂ ಕಾಣುತ್ತದೆ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಜೀಪ್ ಗೆದ್ದಿದ್ದರಲ್ಲಿ ಅರ್ಧ ಪಾಲು ಅದರ ಸೋಮಾರಿತನದ್ದು. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಮೀಟರ್ ಏರಿಗೆ ಸುಮಾರು 10% ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಅದು ತಾನಾಗಿಯೇ ನಿಧಾನ. ತಿರುವಿನಲ್ಲಿ ವೇಗ 40ರಿಂದ 30ಕ್ಕೆ ಇಳಿದರೆ ಪಕ್ಕಕ್ಕೆ ಎಳೆಯುವ ಬಲ ಹತ್ತಿರ ಹತ್ತಿರ ಅರ್ಧ ಆಗುತ್ತದೆ. ಕ್ರಾಸ್‌ಓವರಿನಲ್ಲೂ ಬಲವಂತವಾಗಿ 30ರಲ್ಲೇ ಓಡಿಸಿದಾಗ ಮಗಳ ಬಣ್ಣ ಸುಮಾರಾಗಿ ವಾಪಸ್ ಬಂತು. ಆದರೆ ಅಷ್ಟು ಶಕ್ತಿ ಇರುವ ಗಾಡಿಯನ್ನು ಹಾಗೆ ಹಿಡಿದಿಟ್ಟುಕೊಳ್ಳುವುದಕ್ಕೆ ತಾಳ್ಮೆ ಬೇಕು.

ಕಲ್ಲಿನ ಹಾದಿ

ಇಲ್ಲಿ ಕ್ರಾಸ್‌ಓವರ್ ಸುಲಭವಾಗಿ ಮುಂದೆ, ಗಾಡಿ ತಾಗದಿರುವವರೆಗೆ. ಗಟ್ಟಿ ಆಕ್ಸಲ್‌ನಲ್ಲಿ ಒಂದು ಚಕ್ರ ಕಲ್ಲು ಹತ್ತಿದರೆ ಇಡೀ ಗಾಡಿ ಪಕ್ಕಕ್ಕೆ ವಾಲುತ್ತದೆ. ಮರುಕ್ಷಣ ಆಚೆ ಪಕ್ಕಕ್ಕೆ. ದೊಡ್ಡವರು ಸ್ಟೇರಿಂಗ್ ಹಿಡಿದುಕೊಂಡಿರುತ್ತೇವೆ, ಮಗು ಏನು ಹಿಡಿಯಬೇಕು? ಮಗಳ ತಲೆ ಗಡಿಯಾರದ ಲೋಲಕದ ಹಾಗೆ ಆಡುತ್ತಿತ್ತು. ಬೆನ್ನು ಮತ್ತು ತಲೆಯ ಎರಡೂ ಬದಿಗೆ ಆಸರೆ ಇರುವ ಎತ್ತರದ ಬೂಸ್ಟರ್ ಸೀಟು ಇಲ್ಲದೆ ಜೀಪಿನಲ್ಲಿ ಈ ಹಾದಿಗೆ ಮಗುವನ್ನು ಕರೆದೊಯ್ಯಬಾರದು ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ಇರುವ ಅಗ್ಗದ ಮದ್ದು ಟೈರಿನ ಗಾಳಿ ಇಳಿಸುವುದು. ಜೀಪಿನ ದಪ್ಪ ಟೈರನ್ನು 32 ಪಿಎಸ್‌ಐನಿಂದ 20-22ಕ್ಕೆ ತಂದರೆ ಅದೇ ಕಲ್ಲು ಬೇರೆ ಕಲ್ಲಿನಂತೆ ಅನ್ನಿಸುತ್ತದೆ. ಟೈರ್ ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ. ಕ್ರಾಸ್‌ಓವರಿನ ತೆಳು ಬದಿಗೋಡೆಯ ರಸ್ತೆ ಟೈರಿನಲ್ಲಿ ನಾನು 26ಕ್ಕಿಂತ ಕೆಳಗೆ ಇಳಿಸಲಿಲ್ಲ. ಇಳಿಸಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟೈರ್ ಸಿಕ್ಕಿ ಸೀಳುತ್ತದೆ. ಟಾರು ರಸ್ತೆಗೆ ಮರಳುವ ಮೊದಲು ಗಾಳಿ ತುಂಬಲೇಬೇಕು, ಸಣ್ಣ ಕಂಪ್ರೆಸರ್ ಜೊತೆಗಿರಲಿ.

ಗಾಳಿ ಅಳೆಯುವ ಕೆಲಸ ಮಗಳದ್ದು. ಮೊಣಕಾಲೂರಿ ಕೂತು, ನಾಲಿಗೆ ಹೊರಗೆ ಚಾಚಿ, ಗೇಜನ್ನು ವಾಲ್ವಿಗೆ ಒತ್ತುತ್ತಾಳೆ. ಸುಸ್ ಅಂತ ಗಾಳಿ ಸೋರಿದರೆ ತಕ್ಷಣ ತೆಗೆದು ಇನ್ನೊಮ್ಮೆ ನೇರವಾಗಿ ಇಡುತ್ತಾಳೆ. ಮೇಲಕ್ಕೆ ಹೋದ ಮೇಲೆ ಅಳೆದಾಗ ಅಂಕಿ ಏರಿದ್ದು ಕಂಡು ಅವಳಿಗೆ ಅಚ್ಚರಿ. 3000 ಮೀಟರಿನಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು 70% ಮಾತ್ರ. ಗೇಜ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ಅಂತರ. ಹಾಗಾಗಿ ಚಳಿಗೆ ಟೈರ್ ತಣ್ಣಗಾಗದಿದ್ದರೆ ಯಾರೂ ಗಾಳಿ ತುಂಬದೆಯೇ ನಾಲ್ಕು ಪಿಎಸ್‌ಐ ಜಾಸ್ತಿ ಕಾಣುತ್ತದೆ.

ಎಳೆತದ ವಿಷಯಕ್ಕೆ ಬಂದರೆ, ಚಕ್ರ ಗಾಳಿಯಲ್ಲಿ ನಿಂತಾಗ ಎರಡೂ ಗಾಡಿಗಳು ಮಾಡುವುದು ಒಂದೇ. ಸುಮ್ನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿದು ಶಕ್ತಿಯನ್ನು ಆಚೆ ಚಕ್ರಕ್ಕೆ ದಾಟಿಸುತ್ತವೆ. ಆದರೆ ಕ್ರಾಸ್‌ಓವರ್‌ಗೆ ತುಸು ವೇಗ ಬೇಕು, ನುಗ್ಗಿಸಬೇಕು. ಹೆಚ್ಚು ಹೊತ್ತು ಹೀಗೆ ಗುದ್ದಾಡಿದರೆ ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಕ್ಲಚ್ ಬಿಸಿಯಾಗಿ ಕೆಲಸ ನಿಲ್ಲಿಸುವುದೂ ಉಂಟು. ಜೀಪಿಗೆ ನುಗ್ಗುವ ಅಗತ್ಯವೇ ಇಲ್ಲ. ಲೋ ರೇಂಜಿನಲ್ಲಿ ಅದು ತೆವಳುತ್ತದೆ.

ಇಳಿಜಾರು

ಹತ್ತುವಾಗ ಗಾಡಿ ಸೋತರೆ ನಿಲ್ಲುತ್ತದೆ. ಇಳಿಯುವಾಗ ಸೋತರೆ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಇಡೀ ಹೋಲಿಕೆ ತೀರ್ಮಾನ ಆಗಿದ್ದು ಇಲ್ಲಿ.

ಕ್ರಾಸ್‌ಓವರಿನಲ್ಲಿ ಇಳಿಯುವಾಗ ತಾನಾಗಿಯೇ ಬ್ರೇಕ್ ಹಿಡಿಯುವ ಹಿಲ್ ಡಿಸೆಂಟ್ ಬಟನ್ ಒತ್ತಿದೆ. ಕಾಲು ಪೆಡಲಿನಿಂದ ತೆಗೆದೆ. ಎಬಿಎಸ್ ಪಂಪ್ ಒಂದೊಂದೇ ಚಕ್ರಕ್ಕೆ ಬ್ರೇಕ್ ಬಡಿಯಲು ಶುರು ಮಾಡಿತು. ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡಿತು, ತಕರಾರಿಲ್ಲ. ಆದರೆ ಸದ್ದು! ಕಾಲಿನ ಕೆಳಗೆ ಕಬ್ಬಿಣ ಅರೆದ ಹಾಗೆ ಗರಗರ. ಬಾಗಿಲಿನ ಜೇಬಿನಲ್ಲಿದ್ದ ನೀರಿನ ಬಾಟಲಿ ಪ್ರತಿ ಬಡಿತಕ್ಕೂ ಟಕಟಕ ಅನ್ನುತ್ತಿತ್ತು. ಗಾಡಿ ಒಂದು ಕ್ಷಣ ಜಾರುತ್ತದೆ, ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಮಗಳು ಎರಡೂ ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದು, "ಮುರೀತಾ?" ಅಂದಳು. ಇಲ್ಲ ಅಂದೆ. ನಂಬಲಿಲ್ಲ. ಕೆಳಗೆ ತಲುಪಿದಾಗ ಬ್ರೇಕಿನ ಸುಟ್ಟ ವಾಸನೆ ಒಳಗೂ ಬಂದಿತ್ತು. ಒಂದು ಸಣ್ಣ ಇಳಿಜಾರಿಗೆ ಇದು ನಡೆಯುತ್ತದೆ. ಗಂಟೆಗಟ್ಟಲೆ ಇಳಿಯುವ ಬೆಟ್ಟಕ್ಕೆ ಕಾದ ಬ್ರೇಕನ್ನೇ ನೆಚ್ಚಿಕೊಳ್ಳಲು ನನಗೆ ಧೈರ್ಯ ಇಲ್ಲ.

ಜೀಪಿನಲ್ಲಿ ಮೇಲೆಯೇ ನಿಲ್ಲಿಸಿ ಲೋ ರೇಂಜ್ ಹಾಕಿದೆ, ಮೊದಲ ಗೇರ್, ಕ್ಲಚ್ಚಿನಿಂದ ಕಾಲು ಪೂರ್ತಿ ದೂರ. ಇಳಿಜಾರಿನ ನಡುವೆ ಕ್ಲಚ್ ಒತ್ತಿದರೆ ಹಿಡಿತವೆಲ್ಲ ಒಮ್ಮೆಲೇ ಹೋಗುತ್ತದೆ, ಅದನ್ನು ಮುಟ್ಟಲೇಬಾರದು. ಗಾಡಿ ಮನುಷ್ಯ ನಡೆಯುವ ವೇಗದಲ್ಲಿ ಇಳಿಯಿತು. ಹಿಡಿದದ್ದು ಎಂಜಿನ್, ಬ್ರೇಕ್ ಅಲ್ಲ. ಲೋ ರೇಂಜಿನಲ್ಲೂ ಅಂತರ ಇದೆ: ಜಿಮ್ನಿಯಲ್ಲಿ ಅದು ಗೇರನ್ನು ಸುಮಾರು ಎರಡು ಪಟ್ಟು ತಗ್ಗಿಸುತ್ತದೆ, ಜೀಪ್ ಕಂಪನಿಯ ರ್‍ಯಾಂಗ್ಲರ್ ರೂಬಿಕಾನ್‌ನಲ್ಲಿ ನಾಲ್ಕು ಪಟ್ಟು. ಒಳಗೆ ಒಂದೇ ಸಮನಾದ ಎಂಜಿನ್ ಸದ್ದು. ಮಗಳು ಕಿಟಕಿಯಾಚೆ ಕಂಡ ಹಕ್ಕಿಯ ಬಗ್ಗೆ ಮಾತಾಡುತ್ತಿದ್ದಳು. ಹಿಡಿಕೆಯ ನೆನಪೂ ಅವಳಿಗಿರಲಿಲ್ಲ.

ಕಲ್ಲಿನ ಹಾದಿಯ ತಲೆ ಕುಲುಕಾಟಕ್ಕೆ ಜೀಪಿಗೆ ಎಷ್ಟು ಅಂಕ ಕಳೆದರೂ ಸರಿ, ಈ ಒಂದು ಇಳಿತಕ್ಕೆ ಅಷ್ಟೂ ವಾಪಸ್ ಕೊಡುತ್ತೇನೆ.

ಉಳಿದದ್ದು

ಸಾಮಾನು ಇಡಲು ಕ್ರಾಸ್‌ಓವರ್ ಎಷ್ಟೋ ಮೇಲು. ಚಿಕ್ಕ ಜೀಪಿನಲ್ಲಿ ಜ್ಯಾಕ್, ಕಂಪ್ರೆಸರ್, ಚೀಲ ಎಲ್ಲವೂ ಮಗುವಿನ ತಲೆಯ ಹಿಂದೆಯೇ ಬರುತ್ತವೆ. ಬಿಗಿದು ಕಟ್ಟದ ಜ್ಯಾಕ್ ಅಂದರೆ ಮಗುವಿನ ಹಿಂದೆ ಇಟ್ಟ ಸುತ್ತಿಗೆ. ನಾನು ಪಟ್ಟಿ ಹಾಕಿ ನೆಲಕ್ಕೆ ಕಟ್ಟಿ, ಮೇಲೆ ಬಲೆ ಬಿಗಿಯುತ್ತೇನೆ.

ತೊರೆಯಲ್ಲಿ ಎರಡೂ ಸಮ, ಯಾಕೆಂದರೆ ಮಗಳ ಮೊಣಕಾಲು ಮುಳುಗುವಷ್ಟು ನೀರಿದ್ದರೆ ನಾನು ಯಾವುದನ್ನೂ ಇಳಿಸುವುದಿಲ್ಲ. ಹಿಮ ಕರಗಿ ಬರುವ ತೊರೆಗಳಲ್ಲಿ ಬೆಳಿಗ್ಗೆ ನೀರು ಕಮ್ಮಿ, ಮಧ್ಯಾಹ್ನದ ಮೇಲೆ ಜಾಸ್ತಿ. ಮಕ್ಕಳನ್ನು ಬೆಳಿಗ್ಗೆ ಬೇಗ ಹೊರಡಿಸುವುದು ತೊರೆ ದಾಟುವುದಕ್ಕಿಂತ ಕಷ್ಟ, ಅದು ಬೇರೆ ಮಾತು.

ಜೀಪಿನಲ್ಲಿ ಮಗುವಿಗೆ ಕೆಲಸ ಜಾಸ್ತಿ ಸಿಗುತ್ತದೆ. ಕಷ್ಟದ ಜಾಗ ಬಂದರೆ ಇಬ್ಬರೂ ಇಳಿದು ನಡೆದು ನೋಡುತ್ತೇವೆ. ಯಾವ ಕಲ್ಲಿನ ಮೇಲೆ ಚಕ್ರ ಹೋಗಬೇಕು ಅನ್ನುವುದನ್ನು ಅವಳೇ ತೋರಿಸುತ್ತಾಳೆ. ದೊಡ್ಡ ಕಲ್ಲನ್ನು ಗಾಡಿಯ ನಡುವೆ ಬಿಡಬಾರದು, ಚಕ್ರ ಅದರ ಮೇಲೇ ಹತ್ತಬೇಕು ಅನ್ನುವುದು ಅವಳಿಗೆ ಈಗ ಬಾಯಿಪಾಠ. ಆಮೇಲೆ ಸೀಟಿಗೆ ಬಂದು ಬೆಲ್ಟ್ ಹಾಕಿಕೊಳ್ಳುತ್ತಾಳೆ. ಗಾಡಿ ಚಲಿಸುವಾಗ ಮಗುವನ್ನು ಹೊರಗೆ ನಿಲ್ಲಿಸಿ ದಾರಿ ತೋರಿಸು ಅನ್ನುವುದಿಲ್ಲ. ಕ್ರಾಸ್‌ಓವರಿನಲ್ಲಿ ಇಷ್ಟೆಲ್ಲ ಇಳಿಯುವ ಸಂದರ್ಭ ಕಡಿಮೆ, ಏಕೆಂದರೆ ಇಳಿದು ನೋಡಬೇಕಾದ ಜಾಗಕ್ಕೆ ಅದನ್ನು ಒಯ್ಯದಿರುವುದೇ ಜಾಣತನ.

ಹಾಗಾದರೆ ಯಾವುದು? ಜಲ್ಲಿ ರಸ್ತೆ, ಅಲ್ಲೊಂದು ಇಲ್ಲೊಂದು ಹಳ್ಳ, ಮಗು ಐದಾರು ವರ್ಷದ್ದು ಅಂದರೆ ಕ್ರಾಸ್‌ಓವರ್, ತಿರುವಿನಲ್ಲಿ 30ರ ಮೇಲೆ ಹೋಗದೆ. ದೊಡ್ಡ ಮಗು, ಉದ್ದನೆಯ ಕಡಿದಾದ ಇಳಿಜಾರು ಇರುವ ದಾರಿ ಅಂದರೆ ಜೀಪ್, ಒಳ್ಳೆಯ ಬೂಸ್ಟರ್ ಸೀಟಿನ ಜೊತೆ. ನಮ್ಮ ಮುಂದಿನ ದಾರಿ ಎರಡನೇ ಥರದ್ದು, ಜೀಪೇ ಹೋಗುತ್ತದೆ.

ಕ್ರಾಸ್‌ಓವರೇ ಇರುವುದು ಅನ್ನುವವರು ಹೊರಡುವ ಮೊದಲು ಡಿಕ್ಕಿಯ ನೆಲ ಎತ್ತಿ ಸ್ಟೆಪ್ನಿ ನೋಡಿ. ಬಹಳ ಗಾಡಿಗಳಲ್ಲಿ ಅಲ್ಲಿರುವುದು 80 ಕಿ.ಮೀ. ವೇಗದ ಮಿತಿ ಬರೆದ ತೆಳು ತಾತ್ಕಾಲಿಕ ಚಕ್ರ. ಕೆಲವದರಲ್ಲಿ ಅದೂ ಇಲ್ಲ, ಅಂಟಿನ ಡಬ್ಬಿ ಮಾತ್ರ. ಕಲ್ಲಿಗೆ ಸೀಳಿದ ಬದಿಗೋಡೆಗೆ ಅಂಟು ಹಿಡಿಯುವುದಿಲ್ಲ. ಅಳತೆ ಬೇರೆಯಾದ ಚಕ್ರ ಹಾಕಿ ಓಡಿಸಿದರೆ ಆಲ್ ವೀಲ್ ಡ್ರೈವ್ ವ್ಯವಸ್ಥೆಗೂ ಏಟು. ಪೂರ್ತಿ ಅಳತೆಯ ಐದನೇ ಚಕ್ರವನ್ನು ರೂಫಿನ ಮೇಲಾದರೂ ಕಟ್ಟಿಕೊಂಡು ಹೋಗಿ.