ಒಂದೇ ರಸ್ತೆಯ ಮೂರು ಹೊಗೆ: ಲಫ್ರಾಯ್ಗ್, ಲಾಗವೂಲಿನ್, ಆರ್ಡ್‌ಬೆಗ್

ಹೊಗೆ ಹಿಡಿದ ಸ್ಕಾಚ್ ಇಷ್ಟಪಡುವವರು ನಾಲ್ಕು ಜನ ಸೇರಿದರೆ ಜಗಳ ಶುರುವಾಗುವುದು ಈ ಮೂರು ಹೆಸರುಗಳ ಮೇಲೇ. ಲಫ್ರಾಯ್ಗ್ 10 ವರ್ಷದ್ದು, ಆರ್ಡ್‌ಬೆಗ್ 10 ವರ್ಷದ್ದು, ಲಾಗವೂಲಿನ್ 16 ವರ್ಷದ್ದು. ಮೂರೂ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ (ಬಟ್ಟಿ ಇಳಿಸುವ ಕಾರ್ಖಾನೆಯಲ್ಲಿ) ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಮಾಡಿದ ವಿಸ್ಕಿ. ಮೂರೂ ಸ್ಕಾಟ್ಲೆಂಡಿನ ಪಶ್ಚಿಮ ಸಮುದ್ರದಲ್ಲಿರುವ ಐಲಾ ದ್ವೀಪದವು. ಪೋರ್ಟ್ ಎಲೆನ್ ಅನ್ನೋ ಊರಿನಿಂದ ಕಡಲ ಪಕ್ಕದ ರಸ್ತೆಯಲ್ಲಿ ಹೊರಟರೆ ಮೊದಲು ಲಫ್ರಾಯ್ಗ್ ಸಿಗುತ್ತದೆ, ಆಮೇಲೆ ಲಾಗವೂಲಿನ್, ಕೊನೆಗೆ ಆರ್ಡ್‌ಬೆಗ್. ಎಲ್ಲಾ ಸೇರಿ ಸುಮಾರು 5 ಕಿಲೋಮೀಟರ್. ಹುಟ್ಟಿದ್ದೂ ಹೆಚ್ಚುಕಡಿಮೆ ಒಟ್ಟಿಗೇ: ಎರಡರ ಲೇಬಲ್ ಮೇಲೆ 1815, ಲಾಗವೂಲಿನ್ ಮೇಲೆ 1816.

ಇಷ್ಟು ಹತ್ತಿರದವು ಇಷ್ಟು ಬೇರೆ ಬೇರೆ ರುಚಿ ಹೇಗೆ ಕೊಡುತ್ತವೆ ಅನ್ನೋ ಕುತೂಹಲಕ್ಕೇ ನಾನು ಮೂರು ಬಾಟಲಿಯನ್ನೂ ಒಟ್ಟಿಗೆ ಇಟ್ಟುಕೊಂಡು ಕೂತಿದ್ದು. ಒಂದೇ ತರದ ಲೋಟ, ಐಸ್ ಇಲ್ಲ, ಸೋಡಾ ಇಲ್ಲ, ಪಕ್ಕದಲ್ಲಿ ಕುಡಿಯುವ ನೀರು. ಸುರಿಯುವ ಕೆಲಸ ಭಾವನದು. ಯಾವ ಲೋಟದಲ್ಲಿ ಯಾವುದು ಅಂತ ಅವರಿಗೆ ಮಾತ್ರ ಗೊತ್ತು. ಅವರಿಗೆ ವಿಸ್ಕಿ ಸೇರುವುದಿಲ್ಲ, ಹಾಗಾಗಿ ಪಕ್ಷಪಾತದ ಭಯವೂ ಇರಲಿಲ್ಲ.

ಮೊದಲು ಹೊಗೆಯ ವಿಷಯ. ಐಲಾದಲ್ಲಿ ಮರ ಕಡಿಮೆ, ಜವುಗು ನೆಲ ಜಾಸ್ತಿ. ಆ ಜವುಗಿನಲ್ಲಿ ಪಾಚಿ, ಹುಲ್ಲು, ಪೊದೆ ಎಲ್ಲಾ ಸಾವಿರಾರು ವರ್ಷ ಅರ್ಧಂಬರ್ಧ ಕೊಳೆತು ಪದರ ಪದರವಾಗಿ ಕೂತಿರುತ್ತದೆ. ಅದೇ ಪೀಟ್. ಅದನ್ನು ಇಟ್ಟಿಗೆಯ ಆಕಾರದಲ್ಲಿ ಕೊಯ್ದು, ಒಣಗಿಸಿ, ಉರಿಸುತ್ತಾರೆ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುವಾಗ ಈ ಹೊಗೆ ಕಾಳಿಗೆ ಹಿಡಿಯುತ್ತದೆ. ಎಷ್ಟು ಹಿಡಿಯಿತು ಅನ್ನೋದನ್ನು ಫಿನಾಲ್ ಅಂಶದ ಲೆಕ್ಕದಲ್ಲಿ ಹೇಳುತ್ತಾರೆ, ಹತ್ತು ಲಕ್ಷಕ್ಕೆ ಇಷ್ಟು ಭಾಗ ಅಂತ. ಲಾಗವೂಲಿನ್ ಸುಮಾರು 35, ಲಫ್ರಾಯ್ಗ್ 40ರಿಂದ 45, ಆರ್ಡ್‌ಬೆಗ್ 55ರ ಆಸುಪಾಸು.

ಈ ಸಂಖ್ಯೆ ನೋಡಿ ವಿಸ್ಕಿ ಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಪ್ರಕಾರ ಅದು ಸುಮ್ನೆ ಜಂಬದ ಸಂಖ್ಯೆ. ಅದು ಕಾಳಿನಲ್ಲಿರುವ ಹೊಗೆಯ ಲೆಕ್ಕ, ಲೋಟದಲ್ಲಿರುವುದರದ್ದಲ್ಲ. ಮಧ್ಯದಲ್ಲಿ ಕೊಳೆಸುವುದಿದೆ, ಬಟ್ಟಿ ಇಳಿಸುವುದಿದೆ, ವರ್ಷಗಟ್ಟಲೆ ಓಕ್ ಪೀಪಾಯಿಯಲ್ಲಿ ಇಡುವುದಿದೆ. ಪ್ರತಿ ಹಂತದಲ್ಲೂ ಹೊಗೆ ಸೋರುತ್ತದೆ ಇಲ್ಲವೇ ಬದಲಾಗುತ್ತದೆ. ಲೋಟಕ್ಕೆ ಮೂಗಿಟ್ಟರೆ ಇದು ತಾನಾಗೇ ಗೊತ್ತಾಗುತ್ತದೆ.

ಲಫ್ರಾಯ್ಗ್ ಕಣ್ಣು ಮುಚ್ಚಿದರೂ ಸಿಕ್ಕಿಬೀಳುತ್ತದೆ. ಲೋಟ ಇನ್ನೂ ಕೈಯಲ್ಲಿರುವಾಗಲೇ ಟಿಂಚರ್ ಅಯೋಡಿನ್, ಬ್ಯಾಂಡೇಜು, ಉಪ್ಪುನೀರು, ಕಡಲ ಪಾಚಿ. ಭಾವ ಮೂಸಿ ನೋಡಿ, "ಇದೇನಯ್ಯಾ, ಜನರಲ್ ವಾರ್ಡನ್ನೇ ತಂದು ಲೋಟಕ್ಕೆ ಹಿಂಡಿದಂಗಿದೆ" ಅಂದರು. ತಪ್ಪೇನಿಲ್ಲ. ಅಮೆರಿಕದಲ್ಲಿ ಮದ್ಯಪಾನ ನಿಷೇಧ ಇದ್ದ ಕಾಲದಲ್ಲೂ ಇದು ಔಷಧಿ ಅನ್ನೋ ಹೆಸರಿನಲ್ಲಿ ಒಳಗೆ ಹೋಗುತ್ತಿತ್ತಂತೆ. ಆ ವಾಸನೆಗೆ ಅಧಿಕಾರಿಗಳು ನಂಬಿದ್ದರೆ ಆಶ್ಚರ್ಯ ಇಲ್ಲ ಬಿಡಿ.

ಈ ಆಸ್ಪತ್ರೆ ವಾಸನೆಗೆ ಒಂದು ಕಾರಣ ಬಟ್ಟಿ ಇಳಿಸುವ ರೀತಿ. ಎರಡನೇ ಸಲ ಕಾಯಿಸಿದಾಗ ಮೊದಲು ಬರುವ ಭಾಗವನ್ನು ಯಾರೂ ಪೀಪಾಯಿಗೆ ತುಂಬುವುದಿಲ್ಲ, ಬೇರೆ ಇಡುತ್ತಾರೆ. ಲಫ್ರಾಯ್ಗ್‌ನಲ್ಲಿ ಹೀಗೆ ಬೇರೆ ಇಡುವ ಸಮಯ ಸುಮಾರು 45 ನಿಮಿಷ, ಉಳಿದ ಕಡೆಗಿಂತ ಬಹಳ ಜಾಸ್ತಿ. ಹಣ್ಣಿನ ಸಿಹಿ ವಾಸನೆ ಬರುವುದು ಶುರುವಿನಲ್ಲಿ, ಹೊಗೆಯ ಘಾಟು ಬರುವುದು ತಡವಾಗಿ. ಸಿಹಿಯನ್ನು ಬಿಟ್ಟು ಘಾಟನ್ನು ಹಿಡಿದುಕೊಂಡರೆ ಇನ್ನೇನಾಗುತ್ತದೆ? ಅಲ್ಲದೆ ಅವರು ಇವತ್ತಿಗೂ ತಮಗೆ ಬೇಕಾದ ಬಾರ್ಲಿಯಲ್ಲಿ ಒಂದು ಪಾಲನ್ನು ತಮ್ಮದೇ ನೆಲದ ಮೇಲೆ ಹರವಿ, ಮೊಳಕೆ ಬರಿಸಿ, ತಮ್ಮದೇ ಗೂಡಿನಲ್ಲಿ ಹೊಗೆ ಹಾಕುತ್ತಾರೆ.

ಮೂಗಿಗೆ ಇಷ್ಟು ಜೋರಾಗಿರುವುದು ಬಾಯಿಗೆ ಬಂದಾಗ ಯಾಕೋ ಸಪ್ಪೆ. ನನ್ನ ಬಾಟಲಿ 40 ಶೇಕಡ ಆಲ್ಕೋಹಾಲಿನದ್ದು, ಸ್ಕಾಚ್‌ಗೆ ಕಾನೂನು ಒಪ್ಪುವ ಕನಿಷ್ಠ ಪ್ರಮಾಣ. ಮೊದಲ ಗುಟುಕಿನಲ್ಲಿ ವೆನಿಲಾ, ಸ್ವಲ್ಪ ಸಿಹಿ, ಆಮೇಲೆ ಸುಟ್ಟ ಹಗ್ಗದ ಕಮಟು. ಅಷ್ಟರಲ್ಲಿ ನೀರಾಗಿಬಿಡುತ್ತದೆ. ಇದೇ 10 ವರ್ಷದ್ದನ್ನು ನೀರು ಬೆರೆಸದೆ ಪೀಪಾಯಿಯ ಗಡಸಿನಲ್ಲೇ ತುಂಬಿದ ಬಾಟಲಿಗಳೂ ಬರುತ್ತವೆ. ಅದು ಬೇರೆಯೇ ಪ್ರಾಣಿ, ಸಿಕ್ಕರೆ ಬಿಡಬೇಡಿ. ಆದರೆ ಇವತ್ತಿನ ಹೋಲಿಕೆ ಸಾಮಾನ್ಯ ಬಾಟಲಿಗಳದ್ದು.

ಆರ್ಡ್‌ಬೆಗ್ ಕಾಗದದ ಮೇಲೆ ಎಲ್ಲರಿಗಿಂತ ಹೊಗೆಗಾರ. ಲೋಟದಲ್ಲಿ ಮೊದಲು ಮೂಗಿಗೆ ಬಡಿಯುವುದು ನಿಂಬೆ ಸಿಪ್ಪೆ! ಆಮೇಲೆ ಕರಿಮೆಣಸು, ಡಾಂಬರು, ಕಾಫಿ, ಹಿಂದಿನಿಂದ ಮಸಿ. ಹೊಗೆ ಇದೆ, ಬೇಕಾದಷ್ಟಿದೆ, ಆದರೆ ಒಣ ಹೊಗೆ, ಶುಚಿಯಾದ ಹೊಗೆ. ಇದರ ಗುಟ್ಟು ಬಟ್ಟಿ ಪಾತ್ರೆಗೆ ಜೋಡಿಸಿದ ಒಂದು ಪ್ಯೂರಿಫೈಯರ್. ಮೇಲೆ ಹೋಗುವ ಆವಿಯಲ್ಲಿ ಭಾರವಾದ ಅಂಶ ಅಲ್ಲೇ ತಣಿದು ಮತ್ತೆ ಪಾತ್ರೆಗೆ ವಾಪಸ್ ಬೀಳುತ್ತದೆ. ಹಗುರವಾದದ್ದು ಮುಂದೆ ಹೋಗುತ್ತದೆ. 55ರ ಬಾರ್ಲಿಯಿಂದ ನಿಂಬೆ ವಾಸನೆ ಬರುವುದು ಹೀಗೆ.

ಬಾಯಿಗೆ ಬಂದರೆ ಮೂರರಲ್ಲಿ ಇದೇ ಗಟ್ಟಿ. 46 ಶೇಕಡ ಆಲ್ಕೋಹಾಲು, ತಣ್ಣಗೆ ಮಾಡಿ ಸೋಸುವುದೂ ಇಲ್ಲ. ಕೆಲವು ಹನಿ ನೀರು ಹಾಕಿ ನೋಡಿ, ವಿಸ್ಕಿ ಸ್ವಲ್ಪ ಮಬ್ಬಾಗುತ್ತದೆ. ಬಾಟಲಿ ಕೆಟ್ಟಿದೆ ಅಂದುಕೊಳ್ಳಬೇಡಿ. ಸೋಸಿದ್ದರೆ ಹೋಗಿಬಿಡುತ್ತಿದ್ದ ಎಣ್ಣೆಯ ಅಂಶ ಅದು, ನಾಲಿಗೆಗೆ ದಪ್ಪ ಕೊಡುವುದು ಅದೇ. ಈ ಡಿಸ್ಟಿಲರಿ 1981ರಲ್ಲಿ ಮುಚ್ಚಿತ್ತು. 1989ರಿಂದ ಅರೆಬರೆ ನಡೆದು ಮತ್ತೆ ನಿಂತಿತ್ತು. 1997ರಲ್ಲಿ ಗ್ಲೆನ್‌ಮೊರಾಂಜಿ ಕಂಪನಿ ಕೊಂಡ ಮೇಲೆ ಚಿಗುರಿದ್ದು. ಹಾಗಾಗಿ ಇವತ್ತು ಸಿಗುವ 10 ವರ್ಷದ ಆರ್ಡ್‌ಬೆಗ್ ಪೂರ್ತಿ ಹೊಸ ಮಾಲೀಕರ ಕಾಲದ್ದು.

ಇನ್ನು ಲಾಗವೂಲಿನ್. ಇದರ ಹೊಗೆ ನುಗ್ಗುವುದಿಲ್ಲ. ಒಣದ್ರಾಕ್ಷಿ, ಚಹಾ ಸೊಪ್ಪು, ಸ್ವಲ್ಪ ಚರ್ಮದ ವಾಸನೆ, ಅದರೊಳಗಿಂದ ಹೊಗೆ ನಿಧಾನಕ್ಕೆ ಮೇಲೆ ಬರುತ್ತದೆ. ಬಾಯಲ್ಲಿ ಎಣ್ಣೆಯ ನುಣುಪು, ಸಿಹಿ, ಕೊನೆಗೆ ಉಪ್ಪು. ನುಂಗಿದ ಮೇಲೂ ಬಹಳ ಹೊತ್ತು ಗಂಟಲಲ್ಲಿ ಇರುತ್ತದೆ, ಈ ವಿಷಯದಲ್ಲಿ ಉಳಿದೆರಡೂ ಹತ್ತಿರ ಬರುವುದಿಲ್ಲ. ಇಲ್ಲಿ ಎಲ್ಲವೂ ನಿಧಾನ. ಎರಡನೇ ಸಲ ಬಟ್ಟಿ ಇಳಿಸುವುದಕ್ಕೇ ಒಂಬತ್ತು ಗಂಟೆಗೂ ಜಾಸ್ತಿ ತೆಗೆದುಕೊಳ್ಳುತ್ತಾರೆ. ಮೇಲೆ 16 ವರ್ಷ ಪೀಪಾಯಿ ವಾಸ. ಅಷ್ಟರಲ್ಲಿ ಹೊಗೆಯ ಮೂಲೆಗಳೆಲ್ಲ ಸವೆದಿರುತ್ತವೆ. 43 ಶೇಕಡ ಅನ್ನೋದು ಮಾತ್ರ ನನಗೆ ಸ್ವಲ್ಪ ಕಡಿಮೆ ಅನ್ನಿಸುತ್ತದೆ, ಈ ಬೆಲೆಗೆ 46 ಕೊಡಬಹುದಿತ್ತು. ಬಣ್ಣ ನೋಡಿಯೂ ಮರುಳಾಗಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಹಾಕಲು ಕಾನೂನಿನಲ್ಲೇ ಅವಕಾಶ ಇದೆ. ಜರ್ಮನಿಯಲ್ಲಿ ಮಾರುವ ಬಾಟಲಿಯ ಲೇಬಲ್ ಮೇಲೆ ಅದನ್ನು ಹೇಳಲೇಬೇಕು, ಲಾಗವೂಲಿನ್ ಮೇಲೂ ಹೇಳಿದೆ.

ಪಕ್ಕದ ಮನೆಯವರ ರುಚಿಯನ್ನು ಕದಿಯಲು ಆಗುತ್ತದಾ ಅಂತ ಕೇಳಿದರೆ, ಈ ರಸ್ತೆಯಲ್ಲೇ ಅದಕ್ಕೆ ಉತ್ತರ ಇದೆ. ಲಾಗವೂಲಿನ್‌ನ ಮಾಲೀಕ ಪೀಟರ್ ಮ್ಯಾಕಿ ಬಹಳ ವರ್ಷ ಲಫ್ರಾಯ್ಗ್‌ನ ಮಾಲನ್ನೂ ಮಾರಿಕೊಡುತ್ತಿದ್ದ. 1907ರಲ್ಲಿ ಆ ಏಜೆನ್ಸಿ ಕೈತಪ್ಪಿತು. ಸಿಟ್ಟಿಗೆ ಲಫ್ರಾಯ್ಗ್‌ಗೆ ಹೋಗುವ ನೀರನ್ನೇ ತಡೆಸಿದ. ಕೋರ್ಟು ಬಿಡಿಸಿತು. ಮಾರನೇ ವರ್ಷ ತನ್ನ ಕಾಂಪೌಂಡಿನಲ್ಲೇ ಮಾಲ್ಟ್ ಮಿಲ್ ಅಂತ ಇನ್ನೊಂದು ಡಿಸ್ಟಿಲರಿ ಕಟ್ಟಿದ, ಲಫ್ರಾಯ್ಗ್‌ನದೇ ತರದ ಬಟ್ಟಿ ಪಾತ್ರೆ ಮಾಡಿಸಿದ, ಅಲ್ಲಿಯ ಕೆಲಸಗಾರನನ್ನೂ ಎಳೆದುಕೊಂಡ. ಏನು ಮಾಡಿದರೂ ಲಫ್ರಾಯ್ಗ್ ಬರಲಿಲ್ಲ. 1960ರ ದಶಕದ ಮೊದಲಲ್ಲಿ ಮಾಲ್ಟ್ ಮಿಲ್ ಮುಚ್ಚಿಹೋಯಿತು. ಹೊಗೆಯ ಸಂಖ್ಯೆ ಹಿಡಿದು ವಾದ ಮಾಡುವವರಿಗೆ ನಾನು ಹೇಳುವ ಕಥೆ ಇದೇ.

ನೀರಿನ ಬಗ್ಗೆಯೂ ಒಂದು ಮಾತು. ಆರ್ಡ್‌ಬೆಗ್‌ಗೆ ನೀರು ಬೇಕೇ ಬೇಕು, ಚಮಚದಲ್ಲಿ, ಸ್ವಲ್ಪ ಸ್ವಲ್ಪ. ಹಾಕಿದ ಕೂಡಲೇ ಹಣ್ಣು ಬಿಚ್ಚಿಕೊಳ್ಳುತ್ತದೆ. ಲಾಗವೂಲಿನ್‌ಗೆ ಒಂದೆರಡು ಹನಿ ಸಾಕು. ಲಫ್ರಾಯ್ಗ್‌ಗೆ ಹಾಕಬೇಡಿ, ಇರುವುದೇ ತೆಳ್ಳಗೆ. ನೀರು ಹಾಕಿದರೆ ಹೊಗೆ ಏಳುವುದಕ್ಕೆ 2017ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಕಾರಣ ಕೊಟ್ಟಿದ್ದರು: ಗ್ವಾಯಕಾಲ್ ಅನ್ನೋ ಹೊಗೆಯ ಅಂಶ ಆಲ್ಕೋಹಾಲು ಜಾಸ್ತಿ ಇದ್ದಾಗ ಒಳಗೆ ಹುದುಗಿರುತ್ತದೆ, ನೀರು ಬಿದ್ದಾಗ ಮೇಲ್ಮೈಗೆ ಬರುತ್ತದೆ ಅಂತ.

ನಂಚಿಕೊಳ್ಳಲು ನಾನು ಕಾಂಗ್ರೆಸ್ ಕಡ್ಲೆಕಾಯಿ ಇಟ್ಟಿದ್ದೆ, ಬೆಂಗಳೂರಿನ ಅಭ್ಯಾಸ. ಖಾರಕ್ಕೆ ಲಾಗವೂಲಿನ್ ಪೂರ್ತಿ ಮುಳುಗಿತು, ಆರ್ಡ್‌ಬೆಗ್ ಮಾತ್ರ ಜಗ್ಗಲಿಲ್ಲ. ರುಚಿ ನೋಡುವಾಗ ಬರೀ ಉಪ್ಪಿಲ್ಲದ ಗೋಡಂಬಿ ವಾಸಿ. ಇನ್ನೊಂದು, ಲಫ್ರಾಯ್ಗ್ ಅನ್ನು ಕೊನೆಗೇ ಕುಡಿಯಬೇಕು. ಅದರ ಅಯೋಡಿನ್ ಒಮ್ಮೆ ನಾಲಿಗೆಗೆ ಹತ್ತಿದರೆ ಆಮೇಲೆ ಯಾವುದರ ರುಚಿಯೂ ಸರಿಯಾಗಿ ಗೊತ್ತಾಗುವುದಿಲ್ಲ.

ತೀರ್ಪು ಕೇಳಿದರೆ, ಒಂದೇ ಬಾಟಲಿ ಕೊಳ್ಳುವುದಾದರೆ ನನ್ನದು ಆರ್ಡ್‌ಬೆಗ್. ಲಾಗವೂಲಿನ್ ಮೂರರಲ್ಲಿ ಒಳ್ಳೆಯ ವಿಸ್ಕಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಬ್ರಿಟನ್ನಿನಲ್ಲೇ ಅದು ಲಫ್ರಾಯ್ಗ್‌ನ ಹೆಚ್ಚುಕಡಿಮೆ ಎರಡರಷ್ಟು ಬೆಲೆ, ನಮ್ಮ ತೆರಿಗೆ ಸೇರಿದರೆ ಕೇಳುವುದೇ ಬೇಡ. ಆ ದುಡ್ಡಿಗೆ ಎರಡು ಪಟ್ಟು ಖುಷಿ ಸಿಗುತ್ತದಾ ಅಂದರೆ ಇಲ್ಲ. ಲಫ್ರಾಯ್ಗ್ ಅನ್ನು ಮೊದಲ ಹೊಗೆ ವಿಸ್ಕಿಯಾಗಿ ಯಾರಿಗೂ ಕೊಡಬೇಡಿ, ಎರಡನೆಯದಾಗಿ ಕೊಡಿ. ಇನ್ನು ಈ ಹೊಗೆ ತಮಗೆ ಹಿಡಿಸುತ್ತದೋ ಇಲ್ಲವೋ ಅಂತ ಅನುಮಾನ ಇರುವವರು ನಮ್ಮೂರಿನ ಅಮೃತ್ ಫ್ಯೂಷನ್‌ನಿಂದ ಶುರು ಮಾಡಬಹುದು. ಅದರಲ್ಲಿ ಇಲ್ಲಿಯ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆ ಹಿಡಿದ ಬಾರ್ಲಿಯೂ ಇದೆ, ಹೊಗೆ ಹದವಾಗಿದೆ. 50 ಶೇಕಡ ಇರುವುದರಿಂದ ನೀರು ಮರೆಯಬೇಡಿ.

ಯಾವುದನ್ನೇ ತಂದರೂ ತೆರೆದ ಮೇಲೆ ವರ್ಷಗಟ್ಟಲೆ ಬೀರುವಿನಲ್ಲಿ ಇಡಬೇಡಿ. ಬಾಟಲಿ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಒಳಗಿನ ಗಾಳಿಗೆ ಹೊಗೆ ಕುಂದುತ್ತಾ ಹೋಗುತ್ತದೆ. ನನ್ನ ಮೂರರಲ್ಲಿ ಮೊದಲು ಸೊರಗಿದ್ದು ಲಫ್ರಾಯ್ಗ್. ಉಳಿದದ್ದನ್ನು ಚಿಕ್ಕ ಸೀಸೆಗೆ ಕಂಠಮಟ್ಟ ತುಂಬಿ, ಬಿಸಿಲು ಬೀಳದ ಕಡೆ ನಿಲ್ಲಿಸಿ ಇಟ್ಟರೆ ಚೆನ್ನಾಗಿರುತ್ತದೆ.