ಬಿಟ್ಟ ಕೊಳಲು ಮತ್ತೆ ಹಿಡಿದಾಗ: ಉದ್ದ ಸ್ವರವೋ, ಸರಳೆ ವರಸೆಯೋ?

ವರ್ಷಗಟ್ಟಲೆ ಬಿಟ್ಟ ಕೊಳಲನ್ನು ಮತ್ತೆ ಎತ್ತಿಕೊಂಡರೆ ಬೆರಳಿಗಿಂತ ತುಟಿಯೇ ಜಾಸ್ತಿ ಸತಾಯಿಸುತ್ತದೆ. ನಾದ ಬರಲಿಲ್ಲ ಅಂತ ತುಟಿ ಬಿಗಿಯುತ್ತೇವೆ. ಬಿಗಿದಷ್ಟೂ ಸ್ವರ ತೆಳ್ಳಗಾಗಿ ಮೇಲಿನ ಸ್ಥಾಯಿಗೆ ಹಾರುತ್ತದೆ.

ಸಡಿಲಿಸಲು ಒಂದು ದಾರಿ, ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಸ್ವರಗಳನ್ನು ಉದ್ದಕ್ಕೆ ಊದುವುದು. ಅದಕ್ಕೆ ನಿಧಾನದ ಗಾಳಿ, ಸ್ವಲ್ಪ ಅಗಲವಾಗಿ ತೆರೆದ ತುಟಿ ಬೇಕು. ಬಿಗಿದರೆ ಆ ಸ್ವರ ನಿಲ್ಲುವುದೇ ಇಲ್ಲ, ತಪ್ಪು ತಕ್ಷಣ ಕಿವಿಗೆ ಬೀಳುತ್ತದೆ. ಕನ್ನಡಿ ಮುಂದೆ ಕೂತು ನೋಡಿ: ನಗುವಾಗಿನ ಹಾಗೆ ಬಾಯಿಯ ಮೂಲೆಗಳು ಹಿಂದಕ್ಕೆ ಎಳೆದಿದ್ದರೆ ಸಡಿಲ ಬಿಡಿ, ಹಲ್ಲು ಕಚ್ಚಬೇಡಿ. ಬೇಜಾರಿನ ಕೆಲಸ, ಒಪ್ಪುತ್ತೇನೆ.

ಇನ್ನೊಂದು, ನೇರ ಸರಳೆ ವರಸೆ, ಅಂದರೆ ಸರಿಗಮ ಏರಿಳಿಯುವ ಮೊದಲ ಪಾಠಗಳು. ಬೆರಳಿಗೂ ಅಭ್ಯಾಸ, ಮನಸ್ಸಿಗೂ ಖುಷಿ. ಆದರೆ ಪಂಚಮಕ್ಕೆ (‘ಪ’ ಸ್ವರಕ್ಕೆ) ಏರುವಾಗ ತೂತುಗಳನ್ನು ಮತ್ತೆ ಮುಚ್ಚಿ ಚುರುಕು ಗಾಳಿ ಕೊಡಬೇಕು. ಗಮನವೆಲ್ಲ ಬೆರಳ ಮೇಲಿರುತ್ತದಲ್ವಾ, ತುಟಿ ಸುಮ್ನೆ ಬಿಗಿದುಕೊಂಡಿರುತ್ತದೆ.

ನನ್ನ ಓಟು ಮೊದಲನೆಯದಕ್ಕೆ. ನಾದ ತುಂಬಿ ಬರುತ್ತಿದ್ದು ಬೆರಳಷ್ಟೇ ಜಡವಾಗಿದ್ದರೆ ವರಸೆಯೇ ಸಾಕು. ಮನೆಯಲ್ಲಿ ಎರಡು ಕೊಳಲಿದ್ದರೆ, ಉದ್ದನೆಯ ಬಾನ್ಸುರಿ (ಹಿಂದೂಸ್ತಾನಿ ಕೊಳಲು) ಬದಿಗಿಟ್ಟು ಎಂಟು ತೂತಿನ ಚಿಕ್ಕ ಕರ್ನಾಟಕ ಸಂಗೀತದ ಕೊಳಲಲ್ಲೇ ಶುರುಮಾಡಿ. ತುಟಿ ನಡುಗತೊಡಗಿದರೆ ನಿಲ್ಲಿಸಿ, ಕಾಫಿ ಕುಡಿದು ಬನ್ನಿ.